ಏಳು ದಿನದ ಸಣ್ಣ ಬೆಂಕಿ

ಮೂರ್ನಾಡು ದಾಟಿ ಎರಡನೇ ತಿರುವಿನಲ್ಲಿ
‘ಲಾ ಲಂತೆರ್ನಾ’ದ ಗೇಟು ತೆರೆದಿತ್ತು,
ನಾಲ್ಕು ವರ್ಷದ ಮೇಲೆ.
ಸೌದೆ ತುಂಬಿದ ನನ್ನ ಜೀಪು
ಅಭ್ಯಾಸಬಲದಿಂದ ಹಿಂಬಾಗಿಲಿಗೇ ಹೋಯಿತು.
ಮುಂಬಾಗಿಲು ಹೇಗಿದೆಯೆಂದು
ಅದಕ್ಕೂ ಗೊತ್ತಿಲ್ಲ, ನನಗೂ.

ಒಲೆಯ ಬಾಯಿಗೆ ಟಾರ್ಚು ಹಿಡಿದೆ.
ಬೆಕ್ಕು ಮರಿ ಹಾಕಿ ಬಿಟ್ಟುಹೋದ ಗೋಣಿತಾಟು,
ಗುಮ್ಮಟದಲ್ಲಿ ಕೂದಲೆಳೆಯ ಬಿರುಕು,
ಒಳಮೈಯೆಲ್ಲ ಬೆವರು.
ನೇಪಲ್ಸಿನಿಂದ ಹಡಗಿನಲ್ಲಿ ಬಂದ ಇಟ್ಟಿಗೆ ಅಂತ
ಸಲ್ಡಾನ ಸಾಹೇಬರು ಬಂದವರಿಗೆಲ್ಲ ತೋರಿಸುತ್ತಿದ್ದರು.
ಮಳೆಗೆ ಅದು ಗೊತ್ತಿರಲಿಲ್ಲ.

“ಇವತ್ತೇ ಹೊತ್ತಿಸೋಣ” ಅಂದ ಉಮ್ಮರ್.
ಹಿಟ್ಟು ನಾದಲು ಬಂದು ಸೇರಿದ ಹುಡುಗ
ಈಗ ಅರ್ಧ ಪಾಲಿನ ಯಜಮಾನ.
ಇನ್ನರ್ಧ, ಗಲ್ಲಾದಲ್ಲಿ ಕೂರುತ್ತಿದ್ದ ಚೋಂದಮ್ಮನದು.
ಒಡವೆ ಇಟ್ಟಳೋ, ತೋಟದ ಪಾಲು ಮಾರಿದಳೋ
ನಾನು ಕೇಳಲಿಲ್ಲ.
ಕೊರಳು ನೋಡಿದೆ, ಅಷ್ಟೆ.

ಬೇಡ, ಅಂದೆ. ನೀರು ಕುಡಿದ ಇಟ್ಟಿಗೆ
ಒಂದೇ ಸಲ ಕಾಯಿಸಿದರೆ ಸಿಡಿಯುತ್ತದೆ.
ಮೊದಲ ದಿನ ಒಂದು ಹಿಡಿ ಪುರಳೆ,
ಅಂಗೈ ಬೆಚ್ಚಗಾದರೆ ಸಾಕು, ಆರಿಸಿಬಿಡು.
ಎರಡನೇ ದಿನ ಬೆರಳು ಗಾತ್ರದ ಕಡ್ಡಿ.
ಹಾಲುವಾಣ ಮುಟ್ಟಬೇಡ, ಬರೀ ಹೊಗೆ,
ಮದುವೆಗೆ ಬಂದ ದೂರದ ನೆಂಟರ ಹಾಗೆ.
ಸಿಲ್ವರ್ ಓಕ್ ಚಟಪಟ ಅಂದು ಬೇಗ ಬೂದಿ.
ಕಿತ್ತುಹಾಕಿದ ಹಳೇ ರೊಬಸ್ಟಾ ಬುಡ ಇದೆ ನೋಡು,
ಐವತ್ತು ವರ್ಷ ಹಣ್ಣು ಕೊಟ್ಟದ್ದು,
ಅದನ್ನು ಐದನೇ ದಿನಕ್ಕೆ ಇಡು.

ಮೂರನೇ ದಿನ ಚೋಂದಮ್ಮ
ಹಳೇ ಲೆಕ್ಕದ ಪುಸ್ತಕ ತಂದಳು.
ಗೆದ್ದಲು ತಿಂದುಳಿಸಿದ ಪುಟದಲ್ಲಿ
ಅವಳದೇ ದುಂಡಕ್ಷರ:
ಸೌದೆ, ಹನ್ನೊಂದು ಲೋಡು, ಬಾಕಿ.
ಗುಡ್ಡ ಜಾರಿದ ವರ್ಷದ್ದು.
ಬುಕಿಂಗೆಲ್ಲ ರದ್ದಾಗಿ, ಮೇಜಿನ ಮೇಣದಬತ್ತಿಗಳು
ಬತ್ತಿ ಕರಗದೆ ನೆಟ್ಟಗೆ ನಿಂತೇ ಇದ್ದ ವರ್ಷ.
ಸಾಹೇಬರು ಬೀಗ ಹಾಕಿ ಗೋವಾಕ್ಕೆ ಹೋದರು.
ನನ್ನ ದುಡ್ಡೂ ಮಣ್ಣಿನ ಜೊತೆ ಹೋಯಿತೆಂದುಕೊಂಡಿದ್ದೆ.

“ಅದು ನಿಮ್ಮ ಸಾಲ ಅಲ್ಲವಲ್ಲ.”
“ಹೆಸರು ಕೊಂಡಿದ್ದೇವೆ, ಕಾಸು ಕೊಟ್ಟು.
ಅದರ ಬೆನ್ನಿಗೆ ಅಂಟಿದ್ದನ್ನು
ಯಾರ ಮನೆ ಅಂಗಳದಲ್ಲಿ ಕೊಡವಿ ಬರೋದು?”
ಐನೂರರ ಒಂದು ನೋಟು ಇಟ್ಟಳು.
ಮಾರನೇ ದಿನ ಎರಡು.
ಒಲೆಗೆ ಹೇಳಿದ ಔಷಧಿಯನ್ನು
ಅವಳು ತನಗೂ ಬರೆದುಕೊಂಡಿದ್ದಳು.

ಊಟದ ಹಾಲಿನ ಕದ ಅರ್ಧ ತೆರೆದಿತ್ತು, ಇಣುಕಿದೆ.
ಬಿಳಿ ಬಟ್ಟೆ ಹೊದ್ದ ಹದಿನಾಲ್ಕು ಮೇಜು,
ಕೊಕ್ಕರೆ ಕಾಲಿನ ಗ್ಲಾಸುಗಳು.
ಒಂದೊಂದನ್ನೂ ಬೆಳಕಿಗೆ ಹಿಡಿದು ಒರೆಸುತ್ತ
ಪಾಲಿಬೆಟ್ಟದ ಹುಡುಗಿ ಬಾಯಿಪಾಠ ಮಾಡುತ್ತಿದ್ದಳು:
ನ್ಯೋಕ್ಕಿ, ನ್ಯೋಕ್ಕಿ, ನ್ಯೋಕ್ಕಿ.
“ಹೆದರಬೇಡ,” ಒಳಗಿಂದ ಚೋಂದಮ್ಮ,
“ಅದು ಕಡಂಬುಟ್ಟಿನ ತಂಗಿ, ಆಲೂಗಡ್ಡೆಗೆ ಹುಟ್ಟಿದ್ದು.”
ಮೆನು ತಿರುವಿದೆ. ಒಂದು ತಟ್ಟೆಯ ಬೆಲೆ
ನನ್ನ ಜೀಪಿನ ಎರಡು ದಿನದ ಡೀಸೆಲ್.
ಇಳಿಸಬಾರದಿತ್ತಾ, ಅಂದೆ.
“ಇಳಿಸಿದರೆ ಇದು ಅದೇ ಜಾಗ ಅಂತ
ಯಾರೂ ನಂಬೋದಿಲ್ಲ, ಅಣ್ಣ.”

ಏಳನೇ ಸಂಜೆ ಗುಮ್ಮಟದ ಮಸಿ
ತಾನೇ ಸುಟ್ಟುಕೊಂಡು ಬೆಳ್ಳಗಾಯಿತು.
ಬಿರುಕು ಬಿರುಕಾಗಿಯೇ ಉಳಿಯಿತು, ಬೆಳೆಯಲಿಲ್ಲ.
ಉಮ್ಮರ್ ತೋಳು ಮಡಚಿ ಕೈ ಒಳಗೆ ಚಾಚಿದ,
ಹಿಂದೆ ಆರು ತಿಂಗಳಿದ್ದು ಹೋದ
ಇಟಲಿಯ ಮುದುಕ ಕಲಿಸಿದ ಹಾಗೆ:
ಕೈ ತಾಳುವ ತನಕ ಎಣಿಸು.
ಎಂಟಕ್ಕೆ ರೊಟ್ಟಿ, ಮೂರಕ್ಕೆ ಪಿಜ್ಜಾ.
ಊನೊ, ಅಂದ.
ದೂಎ.
ಮೂರನೆಯದು ಆ ಭಾಷೆಯಲ್ಲಿ ಬರಲಿಲ್ಲ,
“ಉಮ್ಮಾ!” ಅಂತ ಬಂತು.

ಜೀಪು ಹಿಂದಕ್ಕೆ ತೆಗೆಯುವಾಗ
ಮೊದಲ ಕಾರು ಗೇಟಿಗೆ ಬಂತು. ದಾರಿ ಕಿರಿದು,
ಲಂಟಾನದ ಮೇಲೆ ಚಕ್ರ ಹತ್ತಿಸಿ ನಿಂತೆ.
ಗಾಜು ಇಳಿಸಿ ಒಬ್ಬಾಕೆ ಕೇಳಿದರು,
“ಇಲ್ಲಿ ಊಟ ಚೆನ್ನಾಗಿರುತ್ತಾ?”

ಒಲೆ ಚೆನ್ನಾಗಿದೆ, ಅಂದೆ.